ತಲೆಯೆಣಿಕೆ, ದಾರಿ ಮತ್ತು ಒಂದು ಬಸ್ಸು

(ಗಿರಣಿ ಕೆಲಸಗಾರರ ಮತ್ತು ಸಣ್ಣ ವ್ಯಾಪಾರಿಗಳ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣದ ಪಾಠ)



ಈ ಹೊತ್ತು ನಾವು ಎತ್ತಿಕೊಂಡಿರುವ ವಿಷಯ ಕೂಲಿಯದಲ್ಲ, ಬೋನಸ್ಸಿನದಲ್ಲ, ತುಟ್ಟಿಭತ್ತೆಯದೂ ಅಲ್ಲ. ಒಂದು ಸಣ್ಣ ಹಳ್ಳಿಯಲ್ಲಿ ಜನ ಎಷ್ಟಿದ್ದಾರೆ, ಆ ಹಳ್ಳಿಗೆ ಬಸ್ಸು ಬರುತ್ತದೆಯೋ ಇಲ್ಲವೋ ಎಂಬುದಷ್ಟೇ ವಿಷಯ. ಪೇಟೆಯಲ್ಲಿ ಬಾಳುವ ನಮಗೆ ಇದರಿಂದ ಆಗಬೇಕಾದ್ದೇನು ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಕೇಳುವ ಮುನ್ನ ನಿಮ್ಮ ಎಡಬಲ ಕುಳಿತವರನ್ನು ಒಮ್ಮೆ ನೋಡಿ. ಮೂರು ತಲೆಮಾರಿನಿಂದ ಪೇಟೆಯವರೇ ಆದವರು ಎಷ್ಟು ಜನ? ನಮ್ಮಲ್ಲಿ ಬಹುಪಾಲು ಜನರ ಹಿಂದೆ ಒಂದೊಂದು ಹಳ್ಳಿ ಇದೆ. ಅಲ್ಲಿ ತಾಯಿಯೋ, ಅಣ್ಣನೋ, ಅರ್ಧ ಎಕರೆ ಹೊಲವೋ, ಬಿದ್ದ ಗೋಡೆಯ ಮನೆಯೋ ಉಳಿದಿದೆ. ಹಬ್ಬಕ್ಕೆ, ಸಾವಿಗೆ, ಮದುವೆಗೆ ಹೋಗಬೇಕಾದ ದಾರಿ ಅದು. ಅಂಗಡಿ ಇಟ್ಟವರಿಗಂತೂ ಹೇಳಬೇಕಾದ್ದೇ ಇಲ್ಲ. ಹಳ್ಳಿಯವನು ಸಂತೆಗೆ ಬಂದರೆ ವ್ಯಾಪಾರ. ಬಾರದಿದ್ದರೆ ಗಲ್ಲಾಪೆಟ್ಟಿಗೆ ಖಾಲಿ.

ನಾವು ನೋಡಿಬಂದದ್ದು

ಮಳೆಗಾಲ ಮುಗಿಯುವ ಹೊತ್ತಿನಲ್ಲಿ ನಾವು ಮೂವರು ನಮ್ಮ ಸಂಗಾತಿಯೊಬ್ಬರ ಊರಿಗೆ ಹೋಗಿದ್ದೆವು. ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಇದು ಆ ಒಂದೇ ಊರಿನ ಕಥೆಯೆಂದು ನೀವು ತಿಳಿದೀರಿ. ಬಸ್ಸು ನಮ್ಮನ್ನು ಡಾಂಬರು ರಸ್ತೆಯ ಒಂದು ಕೈಮರದ ಹತ್ತಿರ ಇಳಿಸಿ ಹೋಯಿತು. ಅಲ್ಲಿಂದ ನಡಿಗೆ. ಎರಡು ಹಳ್ಳ, ಒಂದು ದಿಬ್ಬ, ಆಮೇಲೆ ಗದ್ದೆಯ ಬದು. ಒಂದೂವರೆ ತಾಸಿನ ದಾರಿ. ಮೊದಲನೆಯ ಹಳ್ಳಕ್ಕೆ ಊರವರೇ ಅಡಿಕೆಮರದ ಸಾರ ಹಾಕಿದ್ದರು. ಎರಡನೆಯದರಲ್ಲಿ ಪಂಚೆ ಎತ್ತಿಕೊಂಡು ಇಳಿಯಬೇಕಾಯಿತು.

ಊರಿನಲ್ಲಿ ಒಂದು ಅಂಗಡಿ ಇದೆ. ಅಂಗಡಿಯವರು ನಮ್ಮಂಥ ಸಣ್ಣ ವ್ಯಾಪಾರಿಯೇ. ಕೈಮರದವರೆಗೆ ಸಾಮಾನು ಬಸ್ಸಿನ ಮೇಲೆ ಬರುತ್ತದೆ. ಅಲ್ಲಿಂದ ಮುಂದೆ ತಲೆಹೊರೆ, ಇಲ್ಲವೇ ಬೇಸಿಗೆಯಲ್ಲಿ ಟ್ರ್ಯಾಕ್ಟರು. ಆ ಹೊರೆಯ ಕೂಲಿ ಸಕ್ಕರೆಯ ಮೇಲೂ ಸೇರುತ್ತದೆ, ಸೋಪಿನ ಮೇಲೂ ಸೇರುತ್ತದೆ. ಊರಿನಿಂದ ಹೊರಗೆ ಹೋಗುವ ಅಡಿಕೆ, ಮೆಣಸು, ಬಾಳೆಗೊನೆಯ ಬೆಲೆಯಲ್ಲಿ ಅದೇ ಕೂಲಿ ಕಳೆದುಹೋಗುತ್ತದೆ. ಕೊಳ್ಳುವಾಗ ಹೆಚ್ಚು ಕೊಟ್ಟು, ಮಾರುವಾಗ ಕಡಿಮೆ ತೆಗೆದುಕೊಳ್ಳುವುದು ಆ ಊರಿನವರ ಪಾಡು. ಯಾವ ಸರಕಾರವೂ ಹಾಕದ ತೆರಿಗೆ ಇದು. ರಸ್ತೆ ಇಲ್ಲದಿರುವುದೇ ಈ ತೆರಿಗೆಯನ್ನು ವಸೂಲು ಮಾಡುತ್ತದೆ.

ಅಲ್ಲಿ ನಾವು ಕಂಡ ಮುದುಕಿಯೊಬ್ಬಳು ರಕ್ತದೊತ್ತಡದ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದಳು. ಡಾಕ್ಟರು ದಿನಕ್ಕೊಂದು ಎಂದು ಹೇಳಿದ್ದು ಅವಳಿಗೆ ಗೊತ್ತು. ಆದರೆ ತಿಂಗಳ ಮಾತ್ರೆ ಎರಡು ತಿಂಗಳು ಬಂದರೆ ಒಂದು ಸಲ ಪೇಟೆಗೆ ಹೋಗುವುದು ತಪ್ಪುತ್ತದೆಯಲ್ಲ! ಏಳನೆಯ ಇಯತ್ತೆ ಮುಗಿಸಿದ ಹುಡುಗಿಯೊಬ್ಬಳು ಮನೆಯಲ್ಲಿದ್ದಳು. ಹೈಸ್ಕೂಲು ದೂರ, ಸಂಜೆ ಹಿಂತಿರುಗುವಾಗ ಕತ್ತಲಾಗುತ್ತದೆ, ಕಾಡುದಾರಿ. ಅಪ್ಪ ಬಿಡಿಸಿದ. ಅವನನ್ನು ಬೈಯಲು ನಮಗೆ ಬಾಯಿ ಬರಲಿಲ್ಲ.

ಈ ಊರಿಗೆ ರಸ್ತೆ ಏಕೆ ಇಲ್ಲ ಎಂದು ಕೇಳಿದಾಗ ಹಿರಿಯರೊಬ್ಬರು ಒಂದೇ ಮಾತಿನಲ್ಲಿ ಉತ್ತರ ಕೊಟ್ಟರು: “ನಾವು ಲೆಕ್ಕಕ್ಕೆ ಸಾಲುವುದಿಲ್ಲವಂತೆ.”

ಐನೂರು ಎಂಬ ಹೊಸ್ತಿಲು

ಈ ಮಾತಿನ ಬುಡ ಎಲ್ಲಿದೆ ಎಂಬುದನ್ನು ನೋಡೋಣ. ೨೦೦೦ದ ಡಿಸೆಂಬರ್ ೨೫ ರಂದು ಕೇಂದ್ರ ಸರಕಾರ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯನ್ನು ಆರಂಭಿಸಿತು. ಸರ್ವಋತು ರಸ್ತೆ ಇಲ್ಲದ ಜನವಸತಿಗಳಿಗೆ ರಸ್ತೆ ಕೊಡುವುದು ಅದರ ಉದ್ದೇಶ. ಈ ಯೋಜನೆಯಿಂದ ದೇಶದಲ್ಲಿ ಲಕ್ಷಾಂತರ ಕಿಲೋಮೀಟರ್ ರಸ್ತೆ ಆಗಿದೆ. ಒಳ್ಳೆಯದನ್ನು ಒಳ್ಳೆಯದೆಂದೇ ಹೇಳಬೇಕು. ಆದರೆ ಅದಕ್ಕೊಂದು ಹೊಸ್ತಿಲಿದೆ. ಬಯಲು ಪ್ರದೇಶದಲ್ಲಿ ೫೦೦ ಜನರಿರಬೇಕು. ಈಶಾನ್ಯದ ರಾಜ್ಯಗಳು, ಹಿಮಾಲಯದ ರಾಜ್ಯಗಳು, ಮರುಭೂಮಿ, ಸಂವಿಧಾನದ ಐದನೆಯ ಅನುಸೂಚಿಯ ಬುಡಕಟ್ಟು ಪ್ರದೇಶಗಳು, ಇವಕ್ಕೆ ೨೫೦ ಸಾಕು. ೨೦೨೪ರ ಸೆಪ್ಟೆಂಬರಿನಲ್ಲಿ ಮಂಜೂರಾದ ನಾಲ್ಕನೆಯ ಹಂತದಲ್ಲಿಯೂ ಬಯಲಿನ ಹೊಸ್ತಿಲು ಅದೇ ೫೦೦. ಅದನ್ನು ಅಳೆಯುವುದು ೨೦೧೧ರ ಜನಗಣತಿಯಿಂದ.

ನಮ್ಮ ಮಲೆನಾಡು ಗುಡ್ಡಗಾಡೋ ಬಯಲೋ? ಘಟ್ಟ ಹತ್ತಿ ಇಳಿದ ಯಾರನ್ನು ಕೇಳಿದರೂ ನಕ್ಕುಬಿಟ್ಟಾರು. ಆದರೆ ಗುಡ್ಡಗಾಡು ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕದ ಹೆಸರಿಲ್ಲ. ಆದಕಾರಣ ಆಗುಂಬೆಯ ಕಾಡಿನ ಹಳ್ಳಿಗೂ ಬಯಲುಸೀಮೆಯ ಕಪ್ಪು ನೆಲದ ಹಳ್ಳಿಗೂ ಒಂದೇ ರಾಜ್ಯದ ಅಳತೆಗೋಲು.

ಇದರಲ್ಲಿ ಇನ್ನೊಂದು ತೊಡಕಿದೆ. ಬಯಲುಸೀಮೆಯ ಹಳ್ಳಿ ಒತ್ತಟ್ಟಿಗೆ ಕಟ್ಟಿದ್ದು. ಗೋಡೆಗೆ ಗೋಡೆ ತಾಗಿದ ಮನೆ, ನಡುವೆ ಒಂದು ಅಗಸೆ. ಐನೂರು ತಲೆ ಒಂದೇ ಕಡೆ ಸಿಕ್ಕುತ್ತವೆ. ಮಲೆನಾಡಿನ ಊರು ಹಾಗಲ್ಲ. ತೋಟಕ್ಕೊಂದು ಮನೆ, ಗದ್ದೆಯ ಕೋವಿಗೆ ನಾಲ್ಕು ಮನೆ, ಗುಡ್ಡದ ಆಚೆಗೆ ಒಂದು ಮಜರೆ. ಯೋಜನೆಯ ನಿಯಮದಲ್ಲಿ ಹತ್ತಿರದ ಮಜರೆಗಳನ್ನು ಕೂಡಿಸಿ ಎಣಿಸಬಹುದು; ಬಯಲಿನಲ್ಲಿ ಅರ್ಧ ಕಿಲೋಮೀಟರ್ ತ್ರಿಜ್ಯದೊಳಗೆ ಇದ್ದವನ್ನು, ಗುಡ್ಡಗಾಡಿನಲ್ಲಿ ಒಂದೂವರೆ ಕಿಲೋಮೀಟರ್ ದಾರಿಯೊಳಗೆ ಇದ್ದವನ್ನು. ಬಯಲಿನ ನಿಯಮವನ್ನು ಮಲೆನಾಡಿಗೆ ಹಾಕಿದರೆ ಏನಾಗುತ್ತದೆಂಬುದನ್ನು ನೀವೇ ಊಹಿಸಿ. ಒಂದೇ ದೇವರಿಗೆ ನಡೆಯುವ, ಒಂದೇ ಸುಡುಗಾಡಿಗೆ ಹೋಗುವ ಒಂದು ಊರು ಕಾಗದದ ಮೇಲೆ ಐದಾರು ಚೂರಾಗುತ್ತದೆ. ಯಾವ ಚೂರೂ ಹೊಸ್ತಿಲು ದಾಟುವುದಿಲ್ಲ.

ಲೆಕ್ಕದಲ್ಲಿ ಕಳೆದುಹೋದವರು ನಾವೇ

ಈಗ ನಮ್ಮ ಕಡೆಗೆ ಬೆರಳು ತಿರುಗಿಸೋಣ. ಜನಗಣತಿಯವರು ಮನುಷ್ಯನನ್ನು ಅವನ ಮನೆತನದ ಊರಿನಲ್ಲಿ ಎಣಿಸುವುದಿಲ್ಲ. ಎಣಿಕೆಯ ದಿನಗಳಲ್ಲಿ ಅವನು ಎಲ್ಲಿ ವಾಸವಾಗಿರುತ್ತಾನೋ ಅಲ್ಲಿ ಎಣಿಸುತ್ತಾರೆ. ಗಣತಿಯ ದೃಷ್ಟಿಯಿಂದ ಇದು ಸರಿಯೇ. ಆದರೆ ಹಳ್ಳಿಯಿಂದ ಗಿರಣಿಗೆ ಬಂದ ನಾವು ಪೇಟೆಯ ಲೆಕ್ಕದಲ್ಲಿ ಸೇರಿದೆವು, ಊರಿನ ಲೆಕ್ಕದಿಂದ ಬಿಟ್ಟುಹೋದೆವು. ಊರು ಐನೂರ ಇಪ್ಪತ್ತರಿಂದ ನಾನೂರ ಎಂಬತ್ತಕ್ಕೆ ಇಳಿದರೆ ಆ ಇಳಿದ ನಲವತ್ತು ತಲೆಗಳು ಯಾರವು? ನಮ್ಮವೇ, ನಮ್ಮ ಮಕ್ಕಳವೇ. ರಸ್ತೆ ಇಲ್ಲವೆಂದು ನಾವು ಊರು ಬಿಟ್ಟೆವು. ನಾವು ಬಿಟ್ಟೆವೆಂದು ಊರಿಗೆ ರಸ್ತೆ ಬರಲಿಲ್ಲ.

ಇದು ಬರಿಯ ತರ್ಕವಲ್ಲ. ೨೦೧೧ರ ಗಣತಿಯಂತೆ ಕರ್ನಾಟಕದ ಜನಸಂಖ್ಯೆ ೬ ಕೋಟಿ ೧೧ ಲಕ್ಷದಷ್ಟು. ಅದರಲ್ಲಿ ನೂರಕ್ಕೆ ೬೧ ಮಂದಿ ಹಳ್ಳಿಯವರು. ೨೦೦೧ ರಿಂದ ೨೦೧೧ರವರೆಗಿನ ಹತ್ತು ವರ್ಷಗಳಲ್ಲಿ ಪಟ್ಟಣಗಳ ಜನ ನೂರಕ್ಕೆ ೩೧ಕ್ಕಿಂತ ಹೆಚ್ಚು ಬೆಳೆದರೆ ಹಳ್ಳಿಗಳ ಜನ ನೂರಕ್ಕೆ ೭ಕ್ಕಿಂತ ಸ್ವಲ್ಪ ಹೆಚ್ಚು ಬೆಳೆದರು, ಅಷ್ಟೆ. ಚಿಕ್ಕಮಗಳೂರು ಜಿಲ್ಲೆಯಲ್ಲಂತೂ ಜನಸಂಖ್ಯೆ ಬೆಳೆಯುವ ಬದಲು ಕಡಿಮೆಯಾಯಿತು. ಕೊಡಗಿನಲ್ಲಿ ನೂರಕ್ಕೆ ಒಂದರಷ್ಟು ಮಾತ್ರ ಬೆಳೆಯಿತು. ಎರಡೂ ಗುಡ್ಡದ ಜಿಲ್ಲೆಗಳೇ.

ಕಂದಾಯ ಇಲಾಖೆಯ ಹಳೆಯ ದಫ್ತರಗಳಲ್ಲಿ ಒಂದು ಶಬ್ದವಿದೆ: ಬೇಚಿರಾಕ್ ಗ್ರಾಮ. ಪಾರಸಿಯಿಂದ ಬಂದದ್ದು; ದೀಪವಿಲ್ಲದ ಊರು ಎಂದರ್ಥ. ನಕ್ಷೆಯಲ್ಲಿ ಊರಿದೆ, ಸರ್ವೆ ನಂಬರಿದೆ, ವಾಸಿಸುವವರಿಲ್ಲ. ೨೦೧೧ರಲ್ಲಿ ಕರ್ನಾಟಕದ ೨೯,೩೪೦ ಹಳ್ಳಿಗಳ ಪೈಕಿ ಸಾವಿರಕ್ಕೂ ಮಿಕ್ಕು ಹಳ್ಳಿಗಳು ಹೀಗೆ ಜನವಸತಿ ಇಲ್ಲದವು. ಹಿಂದಿನ ಕಾಲದಲ್ಲಿ ಪ್ಲೇಗು, ಕ್ಷಾಮ, ದಂಡು ಇವುಗಳಿಂದ ಊರು ಬೇಚಿರಾಕ್ ಆಗುತ್ತಿತ್ತು. ನಮ್ಮ ಕಾಲದಲ್ಲಿ ಬಸ್ಸು ಬಾರದೆ ಊರು ಬೇಚಿರಾಕ್ ಆಗಬಾರದು.

೨೦೨೧ರಲ್ಲಿ ನಡೆಯಬೇಕಾಗಿದ್ದ ಗಣತಿ ಕೊರೋನಾ ಪಿಡುಗಿನ ಕಾರಣದಿಂದ ನಿಂತುಹೋಯಿತು. ದೇಶದ ಹೆಚ್ಚಿನ ಭಾಗಕ್ಕೆ ೨೦೨೭ರ ಮಾರ್ಚ್ ೧ನ್ನು ಗಣತಿಯ ಆಧಾರ ದಿನವೆಂದು ೨೦೨೫ರ ಜೂನಿನಲ್ಲಿ ಸರಕಾರ ಪ್ರಕಟಿಸಿತು. ಹತ್ತು ವರ್ಷಕ್ಕೊಮ್ಮೆ ಆಗಬೇಕಾದ ಎಣಿಕೆ ಹದಿನಾರು ವರ್ಷಕ್ಕೆ ಬಿದ್ದಿತು. ಈ ನಡುವೆ ಹುಟ್ಟಿದ ಮಗು ಹೈಸ್ಕೂಲು ಮುಗಿಸಿದರೂ ರಸ್ತೆಯ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಿಯೇ ಇಲ್ಲ.

ನಮ್ಮ ಗಿರಣಿಯ ದೀಪ, ಅವರ ಕತ್ತಲೆ

ದಾರಿ ಇಲ್ಲದ ಊರುಗಳೆಲ್ಲ ಮೊದಲಿಂದಲೂ ದಾರಿ ಇಲ್ಲದವಲ್ಲ. ಕೆಲವು ಊರುಗಳ ದಾರಿಯನ್ನು ನಾವೇ ಕಿತ್ತುಕೊಂಡೆವು. ಸಾಗರ ತಾಲ್ಲೂಕಿನ ಕರೂರು ಹೋಬಳಿಯನ್ನು ನೋಡಿ. ೧೯೬೪ರಲ್ಲಿ ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಮುಗಿಯಿತು. ಸುಮಾರು ೩೦೦ ಚದರ ಕಿಲೋಮೀಟರ್ ನೆಲದ ಮೇಲೆ ನೀರು ನಿಂತಿತು. ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ನೂರಕ್ಕೂ ಮಿಕ್ಕ ಹಳ್ಳಿಗಳು ಮುಳುಗಿದವು. ಮುಳುಗಿದವರ ಕಥೆ ಒಂದು. ಮುಳುಗದೆ ಉಳಿದವರ ಕಥೆ ಇನ್ನೊಂದು. ತುಮರಿ, ಬ್ಯಾಕೋಡು ಮೊದಲಾದ ಊರುಗಳು ಹಿನ್ನೀರಿನ ಆಚೆ ದ್ವೀಪದಂತೆ ಉಳಿದುಕೊಂಡವು. ತಾಲ್ಲೂಕು ಕಚೇರಿ, ಆಸ್ಪತ್ರೆ, ಕಾಲೇಜು, ಸಂತೆ ಎಲ್ಲವೂ ನೀರಿನ ಈಚೆ.

ಅಂದಿನಿಂದ ಅವರಿಗೆ ಲಾಂಚೇ ಗತಿ. ಅಂಬಾರಗೊಡ್ಲಿನಿಂದ ಕಳಸವಳ್ಳಿಗೆ ಜನ, ವಾಹನ, ಅಡಿಕೆ ಮೂಟೆ ಎಲ್ಲವೂ ಲಾಂಚಿನ ಮೇಲೆಯೇ ದಾಟಬೇಕು. ಸಂಜೆಯ ಲಾಂಚು ತಪ್ಪಿದರೆ ರಾತ್ರಿಯೆಲ್ಲ ದಡದಲ್ಲಿ, ಇಲ್ಲವೇ ಕಾಡಿನ ದಾರಿಯಲ್ಲಿ ದೊಡ್ಡ ಸುತ್ತು. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುವುದಿಲ್ಲ. ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ, ಹಾವು ಲಾಂಚಿನ ವೇಳಾಪಟ್ಟಿ ನೋಡಿ ಕಚ್ಚುವುದಿಲ್ಲ. ಅರವತ್ತು ವರ್ಷ ಆ ಜನ ಸೇತುವೆ ಕೇಳಿದರು. ಕಡೆಗೆ ೨೦೨೫ರ ಜುಲೈ ೧೪ ರಂದು ಅಂಬಾರಗೊಡ್ಲು-ಕಳಸವಳ್ಳಿ ಸೇತುವೆಯ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮಿಕ್ಕ ಉದ್ದ, ನಾನೂರು ಕೋಟಿಗೂ ಮಿಕ್ಕ ವೆಚ್ಚ.

ಆ ಹೋಬಳಿಯ ಜನಸಂಖ್ಯೆಯನ್ನು ಮಾತ್ರ ಮುಂದಿಟ್ಟುಕೊಂಡು ಲಾಭನಷ್ಟ ಎಣಿಸಿದ್ದರೆ ಆ ಸೇತುವೆ ಎಂದಿಗೂ ಆಗುತ್ತಿರಲಿಲ್ಲ. ಸಿಗಂದೂರು ದೇವಿಯ ದರ್ಶನಕ್ಕೆ ಬರುವ ಯಾತ್ರಿಕರ ಸಂಖ್ಯೆ ಬೆಳೆದದ್ದೂ ಅದಕ್ಕೆ ಬಲ ಕೊಟ್ಟಿತೆಂಬುದು ನಮ್ಮ ಅಭಿಪ್ರಾಯ. ಯಾತ್ರಿಕರು ಬರಲಿ, ಅದು ಸಂತೋಷವೇ. ಆದರೆ ದೇವಸ್ಥಾನವಿಲ್ಲದ ಹಿನ್ನೀರಿನ ಊರುಗಳು ಯಾರನ್ನು ಮುಂದಿಟ್ಟುಕೊಂಡು ಕೇಳಬೇಕು?

ಮಳೆಗಾಲ ಬಂದರೆ ಪತ್ರಿಕೆಗಳು ದಿನಾಲೂ ಲಿಂಗನಮಕ್ಕಿಯ ನೀರಿನ ಮಟ್ಟವನ್ನು ಅಚ್ಚು ಹಾಕುತ್ತವೆ. ೧೮೧೯ ಅಡಿಗೆ ಬಂದರೆ ಅಣೆಕಟ್ಟು ತುಂಬಿತು, ರಾಜ್ಯಕ್ಕೆ ಕರೆಂಟಿನ ಚಿಂತೆ ಕಡಿಮೆ ಎಂದು ನಾವೆಲ್ಲ ನಿಟ್ಟುಸಿರು ಬಿಡುತ್ತೇವೆ. ಆ ನೀರಿನಿಂದ ಬಂದ ವಿದ್ಯುತ್ತಿನಲ್ಲಿ ಈ ರಾಜ್ಯದ ಗಿರಣಿಗಳು ತಿರುಗಿದವು. ಆ ವಿದ್ಯುತ್ತಿನ ಬೆಳಕಿನಲ್ಲಿ ನಮ್ಮಲ್ಲಿ ಎಷ್ಟೋ ಜನ ರಾತ್ರಿ ಪಾಳಿ ಮಾಡಿದ್ದೇವೆ. ಆದ್ದರಿಂದ ಹಿನ್ನೀರಿನ ಊರುಗಳ ದಾರಿ ನಾವು ತೋರುವ ದಯೆಯಲ್ಲ, ನಾವು ತೀರಿಸಬೇಕಾದ ಸಾಲ.

ಬಸ್ಸಿನ ಲಾಭನಷ್ಟ

ರಸ್ತೆ ಆದ ಮೇಲೂ ಮಾತು ಮುಗಿಯುವುದಿಲ್ಲ. ರಸ್ತೆಯ ಮೇಲೆ ಬಸ್ಸು ಓಡಬೇಕು. ಆಗಿನ ಮೈಸೂರು ಸರಕಾರ ೧೯೪೮ರ ಸೆಪ್ಟೆಂಬರ್ ೧೨ ರಂದು ೧೨೦ ಬಸ್ಸುಗಳಿಂದ ಸರಕಾರಿ ಸಾರಿಗೆಯನ್ನು ಆರಂಭಿಸಿತು. ೧೯೬೧ರ ಆಗಸ್ಟ್ ೧ ರಂದು ಅದು ನಿಗಮವಾಯಿತು. ನಿಗಮ ನಡೆಯುವುದು ೧೯೫೦ರ ರಸ್ತೆ ಸಾರಿಗೆ ನಿಗಮಗಳ ಕಾಯಿದೆಯಂತೆ. ಆ ಕಾಯಿದೆಯ ೧೮ನೆಯ ಕಲಮು ದಕ್ಷವಾದ, ಸಾಕಷ್ಟು ಪ್ರಮಾಣದ, ಮಿತವ್ಯಯದ ಸಾರಿಗೆಯನ್ನು ಒದಗಿಸುವುದು ನಿಗಮದ ಕರ್ತವ್ಯವೆನ್ನುತ್ತದೆ. ೨೨ನೆಯ ಕಲಮು ನಿಗಮ ವ್ಯಾಪಾರದ ತತ್ತ್ವದಂತೆ ನಡೆಯಬೇಕೆನ್ನುತ್ತದೆ. ಹಳ್ಳಿಯವರು ೧೮ನೆಯದನ್ನು ಹಿಡಿದು ಅರ್ಜಿ ಕೊಡುತ್ತಾರೆ, ಅಧಿಕಾರಿಗಳು ೨೨ನೆಯದನ್ನು ನೆನೆದು ಉತ್ತರ ಬರೆಯುತ್ತಾರೆ: “ಸದರಿ ಮಾರ್ಗವು ಲಾಭದಾಯಕವಲ್ಲ.”

ವ್ಯಾಪಾರಿ ಬಂಧುಗಳೇ, ನೀವು ಲೆಕ್ಕ ಬಲ್ಲವರು. ಒಂದು ಲೆಕ್ಕ ಹಾಕೋಣ. ೪೮೦ ಜನರ ಒಂದು ಊರಿದೆ ಎನ್ನಿ. ತಲೆಗೆ ವಾರಕ್ಕೊಮ್ಮೆ ಪೇಟೆಗೆ ಹೋಗಿಬರುವ ಅಗತ್ಯವಿದೆ ಎನ್ನಿ. ದಿನಕ್ಕೆ ೬೮ ಜನ ಹೋಗಬೇಕಾಯಿತು. ಕೂಸುಗಳು, ಹಾಸಿಗೆ ಹಿಡಿದವರು ಹೋಗುವುದಿಲ್ಲ; ಅರ್ಧಕ್ಕೆ ಅರ್ಧ ಬಿಟ್ಟುಬಿಡಿ. ೩೪ ಜನ ಉಳಿದರು. ಐವತ್ತು ಸೀಟಿನ ಬಸ್ಸಿಗೆ ಇದು ಖಾಲಿ ಓಡಾಟವೆ? ದಾರಿಯಲ್ಲಿ ಇನ್ನೊಂದು ಊರು ಸಿಕ್ಕಿದರೆ ನಿಲ್ಲಲು ಜಾಗವಿರುವುದಿಲ್ಲ.

ಹಾಗಿದ್ದರೆ ಬಸ್ಸು ಖಾಲಿ ಓಡುತ್ತದೆಂದು ಲೆಕ್ಕ ತೋರಿಸುತ್ತದಲ್ಲ, ಏಕೆ? ಬಸ್ಸನ್ನು ಹತ್ತೂವರೆಗೆ ಬಿಡುತ್ತಾರೆ. ಶಾಲೆಯ ಮಕ್ಕಳು ಎಂಟೂವರೆಗೇ ಹೋಗಬೇಕು. ಸಂಜೆಯ ಬಸ್ಸು ಒಂದು ದಿನ ಬಂದರೆ ಎರಡು ದಿನ ಇಲ್ಲ. ಹಿಂತಿರುಗುವ ನಂಬಿಕೆ ಇಲ್ಲದವನು ಬೆಳಿಗ್ಗೆಯೂ ಹತ್ತುವುದಿಲ್ಲ. ಕಂಡಕ್ಟರರ ಕೈಯ ಯಂತ್ರ ಹತ್ತಿದವರನ್ನು ಎಣಿಸುತ್ತದೆ. ಹತ್ತಲಾರದೆ ಮನೆಯಲ್ಲಿ ಉಳಿದವರನ್ನು ಎಣಿಸುವ ಯಂತ್ರ ಇನ್ನೂ ಬಂದಿಲ್ಲ.

೨೦೨೩ರ ಜೂನ್ ೧೧ ರಂದು ಶಕ್ತಿ ಯೋಜನೆ ಆರಂಭವಾಯಿತು. ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪುಕ್ಕಟೆ ಪ್ರಯಾಣ. ನಮ್ಮ ಮನೆಯ ಹೆಣ್ಣುಮಕ್ಕಳು, ಗಾರ್ಮೆಂಟ್ಸಿಗೆ ಹೋಗುವವರು, ಸೊಪ್ಪು ಮಾರುವವರು ಇದರಿಂದ ತಿಂಗಳಿಗೆ ಉಳಿಸುವ ಹಣ ಎಷ್ಟೆಂದು ನಮಗೆ ಗೊತ್ತು. ಅದನ್ನು ಹಳಿಯುವವರ ಜೊತೆ ನಾವಿಲ್ಲ. ಆದರೆ ಕೈಮರದವರೆಗೆ ಒಂದೂವರೆ ತಾಸು ನಡೆಯುವ ಆ ಮುದುಕಿಗೆ ಈ ಪುಕ್ಕಟೆ ಟಿಕೇಟು ತಲುಪಿಲ್ಲ. ಬಸ್ಸೇ ಬಾರದ ಊರಿನಲ್ಲಿ ಶೂನ್ಯ ದರದ ಟಿಕೇಟಿಗೆ ಬೆಲೆ ಏನು?

ಕೊಪ್ಪದ ಪಾಠ

ಸರಕಾರ ಮಾಡದಿದ್ದರೆ ನಾವೇ ಮಾಡಬಾರದೆ ಎಂದು ಕೇಳುವವರಿದ್ದಾರೆ. ಮಾಡಿದವರಿದ್ದಾರೆ. ಚಿಕ್ಕಮಗಳೂರು ಜಿಲ್ಲೆಯ ಕೊಪ್ಪದಲ್ಲಿ ಖಾಸಗಿ ಬಸ್ಸು ಕಂಪನಿಯೊಂದು ನಿಂತುಹೋದಾಗ ಅದರ ಕೆಲಸಗಾರರು ಬೀದಿಪಾಲಾಗಲಿಲ್ಲ. ೧೯೯೧ರಲ್ಲಿ ಅವರೇ ಸಹಕಾರ ಸಂಘ ಕಟ್ಟಿ ಕೆಲವೇ ಬಸ್ಸುಗಳಿಂದ ಆರಂಭಿಸಿದರು. ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕು ಎಲ್ಲರೂ ಮಾಲೀಕರೇ. ಮಲೆನಾಡಿನ ಮೂಲೆಮೂಲೆಗೆ ಅವರ ‘ಸಹಕಾರ ಸಾರಿಗೆ’ ಓಡಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು. ಸುಮಾರು ಮೂರು ದಶಕ ನಡೆಸಿದರು. ಡೀಸೆಲ್ಲಿನ ಬೆಲೆ, ತೆರಿಗೆ, ಬೆಳೆಯುತ್ತ ಹೋದ ನಷ್ಟ ಇವುಗಳ ಭಾರ ತಾಳಲಾರದೆ ೨೦೨೦ರಲ್ಲಿ ಆ ಬಸ್ಸುಗಳು ನಿಂತವು.

ಇದರಿಂದ ಎರಡು ಪಾಠ. ಕೆಲಸಗಾರರಿಗೆ ಸಾರಿಗೆ ನಡೆಸುವ ಯೋಗ್ಯತೆ ಇಲ್ಲವೆಂಬ ಮಾತು ಸುಳ್ಳು, ಇದು ಮೊದಲನೆಯದು. ಜನ ವಿರಳವಾದ ಕಡೆ ಬಸ್ಸು ಓಡಿಸುವ ಭಾರವನ್ನು ಬಡವರ ಒಂದು ಸಂಘದ ತಲೆಯ ಮೇಲೆ ಮಾತ್ರ ಹೊರಿಸಿದರೆ ಅದು ಮುರಿಯುತ್ತದೆ, ಇದು ಎರಡನೆಯದು. ಸೋತದ್ದು ಸಹಕಾರ ತತ್ತ್ವವಲ್ಲ. ಅದನ್ನು ಒಂಟಿಯಾಗಿ ಬಿಟ್ಟ ನಮ್ಮ ಉದಾಸೀನ ಅದನ್ನು ಸೋಲಿಸಿತು.

ಏನು ಮಾಡಬೇಕು?

ಕೇಳಬೇಕಾದ್ದನ್ನು ಮೊದಲು ಹೇಳುತ್ತೇವೆ.

ಒಂದು: ಪಶ್ಚಿಮ ಘಟ್ಟದ ತಾಲ್ಲೂಕುಗಳಿಗೆ ರಸ್ತೆಯ ವಿಷಯದಲ್ಲಿ ಗುಡ್ಡಗಾಡಿನ ಅಳತೆಯೇ ಸಲ್ಲಬೇಕು. ಚದುರಿದ ಮಜರೆಗಳನ್ನು ದಾರಿಯ ಉದ್ದಕ್ಕೆ ಕೂಡಿಸಿ ಎಣಿಸಬೇಕು.

ಎರಡು: ರಸ್ತೆ ಇರುವ ಪ್ರತಿ ಹಳ್ಳಿಗೂ ಶಾಲೆಯ ವೇಳೆಗೆ ಸರಿಯಾಗಿ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ಸು. ದೊಡ್ಡ ಬಸ್ಸು ತಿರುಗದಿದ್ದರೆ ಸಣ್ಣದು.

ಮೂರು: ಇಂಥ ಮಾರ್ಗಗಳ ನಷ್ಟವನ್ನು ಸರಕಾರ ಪ್ರತ್ಯೇಕ ಬಾಬಿನಲ್ಲಿ ತುಂಬಿಕೊಡಬೇಕು. ಅದನ್ನು ಡ್ರೈವರು ಕಂಡಕ್ಟರರ ಸಂಬಳದ ಮಾತುಕತೆಯಲ್ಲಿ ಅವರ ಮುಖಕ್ಕೆ ಹಿಡಿಯಬಾರದು. ಅವರೂ ನಮ್ಮಂತೆ ದುಡಿಯುವವರೇ.

ಇನ್ನು ನಾವು ಮಾಡಬೇಕಾದ್ದು. ಪ್ರತಿ ಜಿಲ್ಲೆಗೂ ಜನಗಣತಿಯ ಕೈಪಿಡಿ ಅಚ್ಚಾಗಿದೆ. ಅದರಲ್ಲಿ ನಿಮ್ಮ ಊರಿನ ಮುಂದೆ ಶಾಲೆ, ಆಸ್ಪತ್ರೆ, ಅಂಚೆ, ಬಸ್ಸು ಎಲ್ಲಕ್ಕೂ ಒಂದೊಂದು ಅಂಕಣವಿದೆ. ಸೌಕರ್ಯ ಊರಲ್ಲಿ ಇಲ್ಲದಿದ್ದರೆ ಐದು ಕಿಲೋಮೀಟರಿನ ಒಳಗೋ, ಐದರಿಂದ ಹತ್ತರೊಳಗೋ, ಹತ್ತಕ್ಕೆ ಮೀರಿಯೋ ಎಂದು ಒಂದೇ ಅಕ್ಷರದಲ್ಲಿ ಗುರುತು ಹಾಕಿರುತ್ತಾರೆ. ನಿಮ್ಮ ಊರಿನ ಆ ಒಂದು ಸಾಲನ್ನು ಹುಡುಕಿ ಓದಿ. ಅದು ನಿಜವೆ? ಹಳ್ಳ ತುಂಬಿದಾಗಲೂ ನಿಜವೆ? ತಪ್ಪಿದ್ದರೆ ಬರೆದಿಟ್ಟುಕೊಳ್ಳಿ. ಊರಿನಲ್ಲಿ ಎಷ್ಟು ಮಕ್ಕಳು ಶಾಲೆಗೆ, ಎಷ್ಟು ಜನ ಕೂಲಿಗೆ, ಎಷ್ಟು ಜನ ಔಷಧಿಗೆ ಹೊರಗೆ ಹೋಗಬೇಕು, ಯಾವ ಹೊತ್ತಿಗೆ ಹೋಗಬೇಕು ಎಂಬುದನ್ನು ಮನೆಮನೆಗೆ ಹೋಗಿ ನೀವೇ ಎಣಿಸಿ. ಎರಡು ಭಾನುವಾರದ ಕೆಲಸ ಇದು. ಆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದಿಸಿ, ನಡವಳಿ ಪುಸ್ತಕದಲ್ಲಿ ಬರೆಸಿ, ಅದರ ನಕಲನ್ನು ಡಿಪೋಗೆ ಕೊಡಿ. ಬರಿಗೈಯ ಬೇಡಿಕೆಯನ್ನು ತಳ್ಳಿಹಾಕುವಷ್ಟು ಸುಲಭವಾಗಿ ಎಣಿಸಿದ ಪಟ್ಟಿಯನ್ನು ತಳ್ಳಿಹಾಕಲಾಗದು.

ನಾವು ಹೋಗಿದ್ದ ಊರಿನಲ್ಲಿ ಈ ಕೆಲಸ ಆರಂಭವಾಗಿದೆ. ನಮ್ಮ ಸಂಗಾತಿ ರಜೆಯ ದಿನಗಳಲ್ಲಿ ಹೋಗಿ ಮನೆಮನೆ ತಿರುಗುತ್ತಿದ್ದಾರೆ. ಲೆಕ್ಕ ಬರೆಯುತ್ತಿರುವವಳು ಶಾಲೆ ಬಿಟ್ಟ ಆ ಹುಡುಗಿಯೇ. ಅವಳ ಅಕ್ಷರ ದುಂಡಾಗಿದೆ. ಪಟ್ಟಿ ಮುಗಿದ ಕೂಡಲೇ ನಾವು ಅದನ್ನು ಹಿಡಿದುಕೊಂಡು ಡಿಪೋಗೆ ಹೋಗುವವರಿದ್ದೇವೆ. ಆ ದಿನ ಯಾವುದೆಂದು ಮುಂದೆ ತಿಳಿಸುತ್ತೇವೆ. ಪಾಳಿ ಇಲ್ಲದವರು, ಅಂಗಡಿಗೆ ಒಂದು ಹೊತ್ತು ಬೀಗ ಹಾಕಬಲ್ಲವರು ನಮ್ಮ ಜೊತೆ ಬರಬೇಕು. ಆ ಊರಿನವರು ಸಂಖ್ಯೆಯಲ್ಲಿ ಕಡಿಮೆ. ನಾವು ಹೋಗಿ ನಿಂತರೆ ಕಡಿಮೆಯಾಗುವುದಿಲ್ಲ.